ಗೂರಲು ಬರಿಸುವ ಮೇಡಂ

ಅವರು ಕಾಫಿಯನ್ನು ಕುಡಿಯುತ್ತಿದ್ದುದಕ್ಕಿಂತ ಹಿಡಿದುಕೊಳ್ಳುತ್ತಿದ್ದುದೇ ಹೆಚ್ಚು. ಸ್ಟೀಲ್ ಲೋಟಕ್ಕೆ ಎರಡೂ ಅಂಗೈ ಒತ್ತಿ, ಮೇಲೆ ಕೆನೆ ಕಟ್ಟುವವರೆಗೆ ಕಿಟಕಿಯ ಹತ್ತಿರ ನಿಂತಿದ್ದು, ಆಮೇಲೆ ಲೋಟವನ್ನು ಅಲ್ಲೇ ಇಟ್ಟು, ಕೈಗವಸು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ತಣ್ಣನೆಯ ಕೈ ತಾಗಿದರೆ ಇಲಿ ಬೆಚ್ಚುತ್ತದೆ, ಬೆಚ್ಚಿದ ಇಲಿಯ ಉಸಿರು ಅಳತೆಗೆ ಸಿಗುವುದಿಲ್ಲ ಎಂಬುದು ಅವರ ವಾದ. ಆರಿದ ಕಾಫಿಯನ್ನು ಪ್ರಾಣಿಗಳ ಕೋಣೆ ನೋಡಿಕೊಳ್ಳುವ ನಂಜಪ್ಪನವರು ಕುಡಿಯುತ್ತಿದ್ದರು. “ಇಲಿಗೋಸ್ಕರ ಕಾಸಿದ್ ಕಾಪಿ ಕುಡ್ದೂ ಕುಡ್ದೂ ನಂಗೊಂದಿನ ಬಾಲ ಬಂದ್ಬುಡ್ತದೆ ಕಣಮ್ಮ” ಎಂದು ನನ್ನ ಬಳಿ ದೂರುತ್ತಿದ್ದರೇ ಹೊರತು ಲೋಟ ಬಿಡುತ್ತಿರಲಿಲ್ಲ.

ನಂಜನಗೂಡಿನಿಂದ ತಾಂಡ್ಯದ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮ ಸಂಶೋಧನಾ ಕೇಂದ್ರದಲ್ಲಿ ಅವರು, ಪಿಎಚ್.ಡಿ. ಮುಗಿದ ಮೇಲೂ ಒಪ್ಪಂದದ ಮೇಲೆ ಸಂಶೋಧನೆ ಮಾಡುವ ಪೋಸ್ಟ್‌ಡಾಕ್ ಆಗಿದ್ದರು. ಇಲಿಗಳಿಗೆ ಉಬ್ಬಸ ಬರಿಸುವುದು, ಬಂದಾಗ ಅವುಗಳ ಶ್ವಾಸಕೋಶದ ಜೀವಕೋಶಗಳೊಳಗೆ ಯಾವ ಯಾವ ಅಣುಗಳು ಏನು ಮಾಡುತ್ತವೆ ಎಂದು ನೋಡುವುದು ಅವರ ಕೆಲಸ. ಎಂ.ಎಸ್ಸಿ. ಮುಗಿಸಿದ ನಾನು ಅವರ ಸಹಾಯಕಿಯಾಗಿ ಸೇರಿದೆ. ಸಂದರ್ಶನದಲ್ಲಿ ಅವರು ನನ್ನ ಅಂಕಗಳ ಸುದ್ದಿಗೇ ಹೋಗಲಿಲ್ಲ.

“ಜಾಸ್ತಿ ಮಾತಾಡೋ ಅಭ್ಯಾಸ ಇದೆಯಾ?”

ಇಲ್ಲವೆಂದು ತಲೆಯಾಡಿಸಿದೆ.

“ಸೆಂಟು ಹಾಕ್ಕೋತೀಯಾ?”

ಮತ್ತೆ ತಲೆಯಾಡಿಸಿದೆ.

“ನಾಳೆಯಿಂದ ಬಾ. ಇಲಿಗಳಿಗೆ ನೀನು ಒಪ್ಪಿಗೆ.”

ಕಳೆದ ತಿಂಗಳು ಅವರನ್ನು ಬೀಳ್ಕೊಟ್ಟೆವು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾತನಾಡಿದವರೆಲ್ಲ ಶಿಸ್ತು, ಸರಳತೆ, ಶ್ರಮ ಎಂದರು. ಆ ಮೂರು ಪದಗಳನ್ನು ಯಾರ ಬೀಳ್ಕೊಡುಗೆಯಲ್ಲಿ ಬೇಕಾದರೂ ಹೇಳಬಹುದು. ಹಿಂದಿನ ಸಲ ನಿವೃತ್ತರಾದ ವಾಹನ ಚಾಲಕರಿಗೂ ಅವನ್ನೇ ಹೇಳಿದ್ದರು. ನನ್ನ ಸರದಿ ಬಂದಾಗ ಎದ್ದು ನಿಂತು “ಥ್ಯಾಂಕ್ಸ್ ಮೇಡಂ” ಎಂದು ಕೂತುಬಿಟ್ಟೆ. ಅವರು ಮುಂದಿನ ಸಾಲಿನಿಂದ ತಿರುಗಿ, ಭಾಷಣ ತುಸು ಉದ್ದವಾಯಿತು ಎನ್ನುವಂತೆ ನನ್ನನ್ನು ನೋಡಿದರು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಊರು ಟಿ. ನರಸೀಪುರ. ಮನೆಗೆ ಹೊಂದಿಕೊಂಡಂತೆಯೇ ಅವರ ಅಣ್ಣನ ಅಕ್ಕಿ ಗಿರಣಿ. ಭತ್ತ ಇದ್ದಲ್ಲಿ ಇಲಿ ಇರಲೇಬೇಕು. ತಲೆತಲಾಂತರದಿಂದ ಇಲಿಗಳ ಮೇಲೆ ಯುದ್ಧ ಸಾರಿದ್ದ ಮನೆತನದ ಮಗಳು ಇಲಿಗಳನ್ನು ಕೈಯಲ್ಲಿಟ್ಟು ಸಾಕುತ್ತಿದ್ದಾಳೆ ಎಂಬುದು ಅಲ್ಲಿ ಹಬ್ಬ ಹರಿದಿನಗಳ ಮುಖ್ಯ ಹಾಸ್ಯ. “ನಾವು ಇಲಿ ಇಡಿಯಕ್ಕೆ ಬೆಕ್ಕು ಸಾಕಿದ್ರೆ ಇವ್ಳು ಇಲಿನೇ ಸಾಕ್ತಾವ್ಳೆ. ನಮ್ಮ ಬೆಕ್ಕಿಗೂ ಅಲ್ಲೊಂದು ಕೆಲ್ಸ ಕೊಡ್ಸವ್ವ” ಎಂದು ಅಣ್ಣ ಬಂದವರೆದುರಿಗೆಲ್ಲ ಹೇಳುತ್ತಿದ್ದರಂತೆ. ಪೋಸ್ಟ್‌ಡಾಕ್ ಎಂದರೇನೆಂದು ಆ ಮನೆಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಡಾಕ್ಟರ್ ಎಂದು ಹೆಸರಿನ ಹಿಂದೆ ಬಂದ ಮೇಲೂ ಓದುವುದೇನಿದೆ? “ಡಾಕ್ಟ್ರಾದ್ಮೇಲೆ ಏನಾಗ್ತಾರವ್ವ?” ಎಂದು ಸೋದರತ್ತೆಯೊಬ್ಬರು ಕೇಳಿದ್ದಕ್ಕೆ ಮೇಡಂ ಕೊಟ್ಟ ಉತ್ತರ ಚಿಕ್ಕದು: “ಕಾಯ್ತಾರೆ ಕಣತ್ತೆ.”

ಅದು ನಿಜವೂ ಆಗಿತ್ತು. ಅವರ ಹುದ್ದೆ ಆಗಾಗ ನವೀಕರಣವಾಗಬೇಕಾದದ್ದು. ನಾನು ಸೇರುವ ಹೊತ್ತಿಗೆ ಅವರಿಗೆ ನಲವತ್ತು ಸಮೀಪಿಸಿತ್ತು, ಜೊತೆಗೆ ಓದಿದವರೆಲ್ಲ ಎಲ್ಲೆಲ್ಲೋ ಪ್ರೊಫೆಸರುಗಳಾಗಿದ್ದರು.

ಒಮ್ಮೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಅವರ ಪಕ್ಕದಲ್ಲೇ ಇದ್ದೆ. ನರಸೀಪುರದ ಕಡೆಯ ಅಜ್ಜಿಯೊಬ್ಬರು, ಕಪಿಲೆಯಲ್ಲಿ ಮುಳುಗಿ ದೇವರ ದರ್ಶನ ಮಾಡಿ ಬಂದವರು, ಇವರ ಗುರುತು ಹಿಡಿದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. ನಮ್ಮ ಕಡೆ ಉಬ್ಬಸಕ್ಕೆ ಗೂರಲು ಎನ್ನುತ್ತಾರೆ.

“ನೀನು ಮಿಲ್ಲಿನೋರ ಮಗ್ಳಲ್ವಾ? ಗೂರಲು ಡಾಕ್ಟ್ರಮ್ಮ ಅಂತಲ್ಲ ನೀನು. ನಂಗೊಂದಿಷ್ಟು ಔಸ್ದಿ ಕೊಡವ್ವ.”

“ನಾನು ಔಷಧಿ ಕೊಡೋ ಡಾಕ್ಟ್ರಲ್ಲ ಕಣಜ್ಜಿ. ನಾನು ಗೂರಲು ಬರಿಸೋಳು.”

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. “ಯಾರಿಗವ್ವ ಬರಿಸ್ತೀಯ?”

“ಇಲಿಗೆ.”

ಅಜ್ಜಿಯ ಮುಖದ ಗಂಟು ಸಡಿಲಾಯಿತು. “ಅಯ್ಯೋ, ನಮ್ಮನೇಲಿ ಬೇಕಾದಷ್ಟವೆ. ಒಂದಿನ ಬಂದು ಬರಿಸ್ಬುಟ್ಟೋಗವ್ವ, ನಿಂಗೆ ಪುಣ್ಯ ಬತ್ತದೆ.”

ಬಸ್ಸು ಬರುವವರೆಗೂ ಮೇಡಂ ಆ ಅಜ್ಜಿಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಳ್ಳಬೇಕಾದ ವಿಷಯ ಹೇಳಿದರು. ಅಜ್ಜಿ ಕೊನೆಯವರೆಗೂ ಕೇಳಿ, ಇಲಿಗಳ ವಿಷಯ ಮರೆಯಬೇಡ ಎಂದು ನೆನಪಿಸಿ ಬಸ್ ಹತ್ತಿದರು.

ಇಲಿಗಳಿಗೆ ಉಬ್ಬಸ ಬರಿಸುವುದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಒಂದು ಪ್ರೋಟೀನಿನಿಂದ. ಅದನ್ನು ಮೊದಲು ಚುಚ್ಚಿ, ಕೆಲವು ವಾರಗಳ ನಂತರ ಮಂಜಿನಂತೆ ಮೂಗಿಗೆ ಬಿಡುತ್ತೇವೆ. ಇಲಿಯ ದೇಹ ಅದನ್ನು ಶತ್ರುವೆಂದು ತಿಳಿದು ಉಸಿರ್ನಾಳವನ್ನು ಬಿಗಿಯುತ್ತದೆ. ಮೊಟ್ಟೆಯ ಚಿಪ್ಪು ಕೂಡ ಹೊಸಿಲು ದಾಟದ ಮನೆ ಅವರದು. ಹಾಗಾಗಿ ಮನೆಯಲ್ಲಿ ಕೇಳಿದಾಗಲೆಲ್ಲ “ಒಂದು ಬಿಳಿ ಪುಡಿ” ಎಂದಷ್ಟೇ ಹೇಳುತ್ತಿದ್ದರು. “ಸುಳ್ಳು ಹೇಳಿಲ್ಲಮ್ಮ, ಪುಡಿ ಬಿಳಿಯಾಗೇ ಇದೆ” ಎಂದು ನನಗೆ ಸಮಜಾಯಿಷಿ ಕೊಟ್ಟರು, ನಾನು ಕೇಳಿರದಿದ್ದರೂ.

ಕೊನೆಗೆ ಇಲಿಗಳನ್ನು ಕೊಂದೇ ಶ್ವಾಸಕೋಶ ನೋಡಬೇಕು. ಆ ಕೆಲಸವನ್ನು ನನಗೆ ಎಂದೂ ವಹಿಸಲಿಲ್ಲ. ಅಂಥ ದಿನ ಅವರು ಊಟದ ಡಬ್ಬಿ ತರುತ್ತಿರಲಿಲ್ಲ, ಮಾತಿಗೂ ಸಿಗುತ್ತಿರಲಿಲ್ಲ. ಮರುದಿನ ಎಂದಿನಂತೆ ಚಿತ್ರಾನ್ನ ತಂದು, ನನ್ನ ಡಬ್ಬಿಯ ಪಲ್ಯವನ್ನು ವಿಮರ್ಶಿಸುತ್ತಿದ್ದರು.

ಅವರು ಆಗಾಗ ಆಡುತ್ತಿದ್ದ ಒಂದು ಮಾತಿದೆ: “ಇಲಿ ಸುಳ್ಳು ಹೇಳಲ್ಲಮ್ಮ. ಆದ್ರೆ ನಾವು ಕೇಳದೇ ಇರೋ ಪ್ರಶ್ನೆಗೂ ಉತ್ತರ ಕೊಟ್ಟುಬಿಡ್ತದೆ. ಅದೇ ಕಷ್ಟ.” ಇದರ ಅರ್ಥ ನನಗೆ ಸರಿಯಾಗಿ ಆದದ್ದು ಹೋದ ವರ್ಷ.

ಹೋದ ವರ್ಷ ಅವರ ಬಳಿ ಎರಡು ಬಗೆಯ ಇಲಿಗಳಿದ್ದವು. ಒಂದು ಮಾಮೂಲಿ ಬಿಳಿ ಇಲಿ. ಇನ್ನೊಂದು ಬಗೆಯಲ್ಲಿ ಒಂದೇ ಒಂದು ಜೀನ್ ಕೆಲಸ ಮಾಡದಂತೆ ಮಾಡಿದ್ದರು. ನಂಜಪ್ಪನವರ ಭಾಷೆಯಲ್ಲಿ ಅದರ ಬಾಯಿ ಮುಚ್ಚಿಸಿದ್ದರು. ಉಬ್ಬಸಕ್ಕೆ ಆ ಜೀನೇ ಮುಖ್ಯ ಕಾರಣ ಎಂಬುದು ಮೇಡಂ ಊಹೆ. ಅದು ಸರಿಯಾದರೆ, ಬಾಯಿ ಮುಚ್ಚಿಸಿದ ಇಲಿಗಳಿಗೆ ಎಷ್ಟು ಪುಡಿ ಕೊಟ್ಟರೂ ಉಬ್ಬಸ ಹೆಚ್ಚು ಬರಬಾರದು. ಊಹೆ ನಿಜವೆಂದು ತೋರಿಸಿದರೆ ಅವರಿಗೆ ಇನ್ನೂ ಮೂರು ವರ್ಷ ಸಿಗುತ್ತಿತ್ತು. ತೋರಿಸದಿದ್ದರೆ ಮನೆಗೆ.

ಮಾಮೂಲಿ ಇಲಿಗಳು ಹೊರಗಿನ ಕೋಣೆಯಲ್ಲಿ, ಇವು ಒಳಗಿನ ಕೋಣೆಯಲ್ಲಿ. ನಂಜಪ್ಪನವರು ಅವುಗಳನ್ನು ಹೊರಮನೆಯವು, ಒಳಮನೆಯವು ಎಂದು ಕರೆಯುತ್ತಿದ್ದರು. ಮಾತು ಬೀಗರ ಮನೆಯವರ ಬಗ್ಗೆ ಆಡಿದಂತಿರುತ್ತಿತ್ತು. ಎಲ್ಲ ಪೆಟ್ಟಿಗೆಗಳಿಗೂ ಹಾಸಲು ಭತ್ತದ ಹೊಟ್ಟು. ಅದನ್ನು ಒದಗಿಸುವವರು ಆ ಸಲ ಕೈಕೊಟ್ಟರು. ಉಳಿದಿದ್ದ ಹೊಟ್ಟು ಹೊರಮನೆಗೆ ಮಾತ್ರ ಸಾಲುವಷ್ಟಿತ್ತು. ಮೇಡಂ ಅಣ್ಣನಿಗೆ ಫೋನ್ ಮಾಡಿದರು. ಮರುದಿನವೇ ಗಿರಣಿಯಿಂದ ಮೂಟೆಗಳು ಬಂದವು. ಒಳಮನೆಗೆ ಅದನ್ನು ಹಾಸಿದೆವು.

“ಹೊಟ್ಟು ಹೊಟ್ಟೇ ಅಲ್ವೇನಮ್ಮ” ಎಂದರು. ಪರೀಕ್ಷಿಸದೆ ಅವರು ಆಡಿದ್ದನ್ನು ನಾನು ಕೇಳಿದ ಒಂದೇ ವಾಕ್ಯ ಅದು.

ಹಾಸುವ ಮೊದಲು ಹೊಟ್ಟನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡುತ್ತಾರೆ. ಆ ಹೊತ್ತು ನಾನು ಯಂತ್ರದ ರಿಪೇರಿಗೆಂದು ಮೈಸೂರಿಗೆ ಹೋಗಿದ್ದೆ. ನಡೆದದ್ದನ್ನು ನಂಜಪ್ಪನವರೇ ಆಮೇಲೆ ಹೇಳಿದರು. ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಾಗ ಅವರು, “ಏನ್ ಮೇಡಂ ಇದು, ಒಳಮನೇಲಿ ಯಾರ್ಗೋ ಎರಿಗೆ ಆದಂಗದಲ್ಲ! ಬಾಣಂತಿಗೆ ನೀರು ಕಾಯ್ಸಿದ್ ವಾಸ್ನೆ” ಎಂದರಂತೆ. ಮೇಡಂ ಮೂಗೆಳೆದು ನೋಡಿ, “ಏನೂ ಇಲ್ಲ ನಂಜಪ್ಪ. ಮೂಟೆ ವಾಸನೆ ಅದು, ನಮ್ಮ ಮಿಲ್ಲೆಲ್ಲ ಹಿಂಗೇ ಇರ್ತದೆ” ಎಂದರಂತೆ. ಸಂಜೆಯ ಹೊತ್ತಿಗೆ ಆ ವಾಸನೆ ಹೋಗಿ, ಇಲಿಗಳ ವಾಸನೆಯೇ ಗೆದ್ದಿತ್ತು.

ಕೆಲವು ವಾರಗಳ ನಂತರ ಉಸಿರು ಅಳೆದೆವು. ಇಲಿಯನ್ನು ಗಾಜಿನಂಥ ಡಬ್ಬಿಯಲ್ಲಿ ಕೂರಿಸಿದರೆ ಅದರ ಉಸಿರಾಟ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಹೊರಮನೆಯವುಗಳ ಗೆರೆ ಹಳ್ಳ ದಿಣ್ಣೆಯ ರಸ್ತೆಯಂತಿತ್ತು. ಒಳಮನೆಯವುಗಳದ್ದು ಹೊಸದಾಗಿ ಟಾರು ಹಾಕಿದ ಹೆದ್ದಾರಿ. ಮೇಡಂ ಹೊರಗೆ ಹೋಗಿ, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ ಬಂದರು. ಅವರ ಸಂತೋಷ ಅಷ್ಟೇ ಎಂದುಕೊಂಡೆ. ಮಾರನೆಯ ದಿನ ಪೇಟೆಯಿಂದ ರಸಬಾಳೆಯ ಚಿಪ್ಪು ತಂದು ಎಲ್ಲರಿಗೂ ಹಂಚಿದರು. ಅದು ನಂಜನಗೂಡಿನದೇ ರಸಬಾಳೆ ಹೌದೋ ಅಲ್ಲವೋ ಎಂದು ಅಂಗಡಿಯವನನ್ನು ಅಡ್ಡಪ್ರಶ್ನೆ ಕೇಳಿ ಕೇಳಿ, ಕೊನೆಗೆ ಅವನು “ತೋಟಕ್ಕೇ ಕರ್ಕೊಂಡೋಗ್ತೀನಿ ಬನ್ನಿ ಮೇಡಂ” ಎಂದ ಮೇಲೆ ಕೊಂಡದ್ದಂತೆ.

ಸೋಮವಾರ ಮೈಸೂರಿನಲ್ಲಿ, ಹುದ್ದೆಯ ನವೀಕರಣ ತೀರ್ಮಾನಿಸುವ ಸಮಿತಿಯ ಸಭೆ. ಹಿಂದಿನ ದಿನ ಭಾನುವಾರ, “ಅವ್ವ ಒಬ್ಬಟ್ಟು ಮಾಡ್ತಾರೆ, ನೀನೂ ಬಾ” ಎಂದು ನನ್ನನ್ನು ನರಸೀಪುರಕ್ಕೆ ಕರೆದರು. ಬೇರೆಯವರ ಮನೆಯ ಊಟ ನನಗೆ ಸಂಕೋಚ, ಆದರೂ ಹೋದೆ.

ಎಲೆಯ ಮುಂದೆ ಮೇಡಂ, ಅವರ ಅಣ್ಣ, ನಾನು. ಅವ್ವ ಬಡಿಸುತ್ತಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ತುಪ್ಪದ ಗಿಂಡಿ. ಬೇಡವೆಂದರೆ ಇನ್ನೊಂದು ಮಿಳ್ಳೆ ಹೆಚ್ಚು ಹಾಕುವ ಪೈಕಿ.

“ಗೂರಲು ಬಂದಿದ್ ಇಲಿಗೋಳು ಎಂಗವೆ ಮಗ?” ಎಂದರು, ನೆಂಟರ ಆರೋಗ್ಯ ವಿಚಾರಿಸುವಂತೆ.

“ಚೆನ್ನಾಗವೆ ಕಣವ್ವ. ಒಳಗಿನ್ವಕ್ಕೆ ಗೂರಲು ಬರ್ಲೇ ಇಲ್ಲ.”

“ಬರಕ್ಕಿಲ್ಲ ಬುಡು. ಇನ್ನೆರಡು ಮೂಟೆ ಕಟ್ಟಿಸ್ಲಾ? ಸೊಪ್ಪು ಒಣಗ್ಸಿ ಪುಡಿ ಮಾಡಿ ಮಡ್ಗಿವ್ನಿ.”

ಮೇಡಂ ಕೈ ಒಬ್ಬಟ್ಟಿನ ಮೇಲೇ ನಿಂತಿತು. “ಯಾವ ಸೊಪ್ಪವ್ವ?”

“ಲಕ್ಕಿ ಸೊಪ್ಪು ಕಣವ್ವ. ಉಳ ಬೀಳ್ದಂಗೆ ಮೂಟೆಗೆ ಯಾವಾಗ್ಲೂ ಒಂದೆರಡು ಕಡ್ಡಿ ಆಕಲ್ವಾ? ಈ ಸಲ ಪುಡಿ ಮಾಡಿ ಜಾಸ್ತಿನೇ ಬೆರೆಸ್ದೆ. ಗೂರಲು ಬಂದಿರೋ ಜೀವ ಅಂದ್ಯಲ್ಲ. ಚಿಕ್ಕೋಳಿದ್ದಾಗ ನಿಂಗೆ ಉಸ್ರು ಕಟ್ಟಿದ್ರೆ ಅದ್ನೇ ದಿಂಬಿಗೆ ತುಂಬಿ ಮಲಗಿಸ್ತಿದ್ದಿಲ್ವಾ ನಾನು?”

ಅವರಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತೆಂದು ನನಗೆ ತಿಳಿದದ್ದು ಆಗಲೇ. ಅಷ್ಟು ಕಾಲ ಜೊತೆಯಲ್ಲಿ ಕೆಲಸ ಮಾಡಿದರೂ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಮೇಡಂ ಎಂಜಲು ಕೈಯಲ್ಲೇ ಎದ್ದು ಗಿರಣಿಗೆ ಹೋದರು. ನಾನೂ ಹಿಂದೆ ಹೋದೆ. ಒಂದು ಮೂಟೆಯ ಬಾಯಿ ಬಿಚ್ಚಿ, ಹೊಟ್ಟನ್ನು ಎಡಗೈಯಲ್ಲಿ ಹಿಡಿದು ಮೂಸಿದರು. ನನ್ನ ಮೂಗಿಗೂ ಹಿಡಿದರು.

“ನಂಗೆ ಮೂಟೆ ವಾಸನೆ ಬಿಟ್ರೆ ಬೇರೇನೂ ಬರ್ತಿಲ್ಲ. ನಿಂಗೆ?”

“ಲಕ್ಕಿ ವಾಸನೆ, ಮೇಡಂ.”

ಬಾಣಂತಿಯ ಸ್ನಾನದ ನೀರಿಗೆ ಹಾಕುವ ಸೊಪ್ಪೇ ಅದು. ಅವರಿಗೆ ಮೂಟೆ, ಲಕ್ಕಿ ಎರಡೂ ಒಂದೇ ವಾಸನೆಯಾಗಿತ್ತು. ಹುಟ್ಟಿದಾಗಿನಿಂದ ಮೂಟೆಯಲ್ಲೂ ದಿಂಬಿನಲ್ಲೂ ಇದ್ದದ್ದನ್ನು ಮೂಗು ಬೇರೆಯೆಂದು ಎಣಿಸಿರಲೇ ಇಲ್ಲ. ಒಳಮನೆಯ ಇಲಿಗಳು ಚೆನ್ನಾಗಿ ಉಸಿರಾಡಿದ್ದು ಜೀನಿನ ಬಾಯಿ ಮುಚ್ಚಿದ್ದಕ್ಕೋ, ಸೊಪ್ಪಿನ ಮೇಲೆ ಮಲಗಿದ್ದಕ್ಕೋ? ಇನ್ನು ಯಾರೂ ಹೇಳುವಂತಿರಲಿಲ್ಲ. ಹೆದ್ದಾರಿಯಂಥ ಆ ಗೆರೆ, ಮೂರು ವರ್ಷದ ಭರವಸೆ, ಒಂದು ಹಿಡಿ ಹೊಟ್ಟಿನಲ್ಲಿ ಕೂತಿತ್ತು.

ಅಷ್ಟರಲ್ಲಿ ಅಣ್ಣನೂ ಬಂದರು. ವಿಷಯ ಅವರಿಗೆ ಬೇಗ ಅರ್ಥವಾಯಿತು. “ಸೊಪ್ಪು ತಾನೆ, ಇಷ ಗಿಷ ಅಲ್ವಲ್ಲ. ನಾಳೆ ಮೀಟಿಂಗ್ ಒಂದು ಮುಗುದೋಗ್ಲಿ. ಗೊತ್ತಿರೋದು ನಾವು ನಾಲ್ಕು ಜನ. ಈ ಮಗು ಬಾಯೇ ಬುಡಲ್ಲ” ಎಂದು ನನ್ನನ್ನು ತೋರಿಸಿದರು. ನಾನು ಹೊಟ್ಟನ್ನೇ ನೋಡುತ್ತಾ ನಿಂತೆ.

ಅವ್ವ ತುಪ್ಪದ ಗಿಂಡಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು. “ತಪ್ಪಾಯ್ತಾ ಮಗ?”

ಮೇಡಂ ಮೂಟೆಯ ಬಾಯಿ ಕಟ್ಟಿದರು. “ನಿಂದೇನೂ ತಪ್ಪಿಲ್ಲ ಕಣವ್ವ. ಒಬ್ಬಟ್ಟು ಆರೋಯ್ತದೆ, ನಡಿ.” ಮತ್ತೆ ಎಲೆಯ ಮುಂದೆ ಕೂತು, ಎರಡು ಒಬ್ಬಟ್ಟು ಹೆಚ್ಚೇ ತಿಂದರು.

ಸೋಮವಾರ ಸಮಿತಿಯ ಎದುರು ಚಿತ್ರಗಳನ್ನು ಬದಲಿಸುವ ಕೆಲಸ ನನ್ನದು. ಹಳ್ಳ ದಿಣ್ಣೆಯ ಗೆರೆ, ಹೆದ್ದಾರಿಯ ಗೆರೆ ಎರಡನ್ನೂ ಪರದೆಯ ಮೇಲೆ ಹಾಕಿದೆ. ಹಿರಿಯರೊಬ್ಬರು “ಬ್ಯೂಟಿಫುಲ್” ಎಂದರು. ನಮ್ಮ ನಿರ್ದೇಶಕರು ಆ ಹೊಗಳಿಕೆ ತಮಗೇ ಬಂದಂತೆ ಕನ್ನಡಕ ಸರಿಪಡಿಸಿಕೊಂಡರು.

“ಚಿತ್ರ ಚೆನ್ನಾಗಿದೆ ಸರ್,” ಎಂದರು ಮೇಡಂ. “ಆದರೆ ದಯವಿಟ್ಟು ಇದನ್ನು ನಂಬಬೇಡಿ.”

ಆಮೇಲೆ ಹೊಟ್ಟು, ಮೂಟೆ, ಲಕ್ಕಿ ಸೊಪ್ಪು ಎಲ್ಲವನ್ನೂ ಕ್ರಮವಾಗಿ ಹೇಳಿದರು. ದಿಂಬಿನ ವಿಷಯ ಮಾತ್ರ ಹೇಳಲಿಲ್ಲ. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ನಿಮ್ಮ ತಾಯಿಯವರು ಈ ಯೋಜನೆಯಲ್ಲಿ ಯಾವ ಹುದ್ದೆಯಲ್ಲಿದ್ದಾರೆ?”

“ಸಂಬಳವಿಲ್ಲದ ಹುದ್ದೆಯಲ್ಲಿ ಸರ್.”

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ, ಸಿಗಬೇಕಿದ್ದ ಮೂರು ವರ್ಷ ಆರು ತಿಂಗಳಿಗೆ ಇಳಿಯಿತು. ಅಷ್ಟರಲ್ಲಿ ಪ್ರಯೋಗವನ್ನು ಸರಿಯಾಗಿ ಮಾಡಿ ಮುಗಿಸಿ, ಅದರ ನಂತರ ನವೀಕರಣವಿಲ್ಲ ಎಂದರು. ಹೊರಗೆ ಮೆಟ್ಟಿಲ ಬಳಿ “ಬ್ಯೂಟಿಫುಲ್” ಎಂದಿದ್ದ ಹಿರಿಯರು ಮೇಡಮ್ಮನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, “ನಮ್ಮ ಮನೆಯವರಿಗೂ ಉಬ್ಬಸ ಕಣ್ರೀ. ಆ ಸೊಪ್ಪು ಕುದಿಸಬೇಕೋ, ಒಣಗಿಸಬೇಕೋ?” ಎಂದು ಕೇಳಿದರು.

“ನನಗೆ ಇಲಿಗಳದ್ದು ಮಾತ್ರ ಗೊತ್ತಿತ್ತು ಸರ್. ನಿನ್ನೆಯಿಂದ ಅದೂ ಗೊತ್ತಿಲ್ಲ.”

ಆ ಆರು ತಿಂಗಳಲ್ಲಿ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಜೀನಿನ ಪಾಲೂ ಇತ್ತು; ಅವರು ಊಹಿಸಿದ್ದಕ್ಕಿಂತ ಕಡಿಮೆ. ಸೊಪ್ಪಿನ ಪಾಲು ಇದ್ದಿರಬಹುದು. ಖಚಿತವಾಗಿ ಹೇಳಲು ನಮ್ಮ ಇಲಿಗಳು ಸಾಲಲಿಲ್ಲ. ಹಾಗೆಯೇ ಬರೆದು ಒಂದು ಚಿಕ್ಕ ಪ್ರಬಂಧ ಕಳಿಸಿದರು. ದೊಡ್ಡ ಪತ್ರಿಕೆಗಳು ಒಲ್ಲೆ ಎಂದವು, ಚಿಕ್ಕದೊಂದು ಹಾಕಿಕೊಂಡಿತು. ಅವ್ವ ಮಾತ್ರ ನರಸೀಪುರದಲ್ಲಿ ತಮ್ಮ ಸೊಪ್ಪು ಗೆದ್ದಿತೆಂದೇ ಹೇಳುತ್ತಿದ್ದಾರೆ. ಅವರನ್ನು ತಿದ್ದಲು ಯಾವ ಸಮಿತಿಯೂ ಹೋಗಿಲ್ಲ. ಮೇಡಂ ಈಗ ಕೊಳ್ಳೇಗಾಲದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅಲ್ಲಿ ಇಲಿಗಳಿಲ್ಲ. ಇದ್ದರೂ ಸಾಕಿದವಲ್ಲ.

ಆದರೆ ಅವರನ್ನು ನೆನೆದಾಗ ನನಗೆ ಕಾಣುವುದು ಆ ಸಭೆಯ ಮರುದಿನ ಬೆಳಿಗ್ಗೆ.

ಸಭೆಯಿಂದ ನೇರ ನರಸೀಪುರಕ್ಕೆ ಹೋಗಿದ್ದವರು ಮಂಗಳವಾರ ಮೊದಲ ಬಸ್ಸಿಗೇ ಬಂದರು. ಜೊತೆಗೆ ಸೊಪ್ಪು ಸೋಕದ ಎರಡು ಮೂಟೆ ಹೊಟ್ಟು, ಎರಡು ಪೊಟ್ಟಣ ಪುಡಿ. ಒಂದರಲ್ಲಿ ಲಕ್ಕಿ, ಇನ್ನೊಂದರಲ್ಲಿ ಮಾವಿನೆಲೆ. ನೋಡಲು ಎರಡೂ ಒಂದೇ ಹಸಿರು. ಮಾವಿನೆಲೆಗೆ ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತಂತೆ: “ಅರ್ಧಕ್ಕೆ ಔಸ್ದಿ ಕೊಟ್ಟು ಇನ್ನರ್ಧಕ್ಕೆ ತೋರಣ ಕಟ್ತೀಯಾ? ಅವೇನ್ ಪಾಪ ಮಾಡಿದ್ವೇ?”

ಎರಡೂ ಕೋಣೆಗಳಲ್ಲಿ ಅರ್ಧ ಪೆಟ್ಟಿಗೆಗಳಿಗೆ ಲಕ್ಕಿ, ಅರ್ಧಕ್ಕೆ ಮಾವು ಬೆರೆಸಿ ಹಾಸಬೇಕು. ಬೆರೆಸುವವಳು ನಾನು. ಯಾವುದು ಯಾವ ಪೆಟ್ಟಿಗೆಗೆ ಹೋಯಿತೆಂದು ಅಳೆಯುವ ಅವರಿಗೆ ಕೊನೆಯವರೆಗೂ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. “ನಾನು ಬೇಡಿಕೊಂಡ್ರೂ ಹೇಳ್ಬೇಡ” ಎಂದರು. ಹೇಳುವುದಿಲ್ಲವೆಂದು ತಲೆಯಾಡಿಸಿದೆ. ಬೇಯಿಸಿ, ಆರಿಸಿ, ಬಾಗಿಲು ಹಾಕಿಕೊಂಡು ಎಲ್ಲ ಪೆಟ್ಟಿಗೆಗಳಿಗೂ ಹಾಸಿದೆ.

ಬಾಗಿಲು ತೆರೆದಾಗ ಅವರು ಹೊಸಿಲಲ್ಲೇ ನಿಂತರು. ಮೂಗು ಅರಳಿತು. ಲಕ್ಕಿ ಯಾವ ಪೆಟ್ಟಿಗೆಯಲ್ಲಿದೆಯೆಂದು ಇನ್ನು ಮೂಗೇ ಹೇಳಿಬಿಡುವಂತಿತ್ತು.

“ಇಷ್ಟು ವರ್ಷ ಗೊತ್ತಾಗ್ಲಿಲ್ಲ. ಈಗ ಗೊತ್ತಾದ್ಮೇಲೆ ಬಿಡ್ತಿಲ್ಲ ನೋಡು” ಎಂದು ಹಿಂದಕ್ಕೆ ಹೋದರು.

ತಮ್ಮ ಚೀಲದಿಂದ ನೆಗಡಿಯ ಮುಲಾಮಿನ ಡಬ್ಬಿ ತೆಗೆದು, ಮೂಗಿನ ಎರಡೂ ಹೊಳ್ಳೆಗಳಿಗೆ ಬೆರಳು ತುಂಬ ಹಚ್ಚಿಕೊಂಡರು. ಮುಲಾಮಿನ ಘಾಟು ಇಲಿಗಳಿಗೆ ತಾಗಬಾರದೆಂದು ಅದರ ಮೇಲೆ ಒಂದರ ಮೇಲೊಂದು ಎರಡು ಮುಖಗವಸು ಕಟ್ಟಿದರು. ಘಾಟಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಲಿತ್ತು.

ನಂಜಪ್ಪನವರು ಗಾಬರಿಯಾದರು. “ಅಳ್ಬೇಡಿ ಮೇಡಮ್ಮೋರೆ. ಆರು ತಿಂಗ್ಳಾದ್ರೂ ಕೊಟ್ಟವ್ರಲ್ಲ.”

“ಅಳ್ತಾ ಇಲ್ಲ ನಂಜಪ್ಪ,” ಎಂದರು ಗವಸಿನೊಳಗಿನಿಂದ. “ವಾಸನೆ ಬರ್ತಾ ಇಲ್ಲ.”

ತೋಳಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದು, ಇಲಿಯನ್ನು ಎತ್ತಿ ತೂಕಕ್ಕಿಟ್ಟರು.